ದೋಣಿ ಹತ್ತದ ದೊರೆ

ಚೀನಾದ ಆ ದಂಡನಾಯಕ ನಮ್ಮ ಮನೆಗೆ ಬಂದದ್ದು ನನ್ನ ಮೂಲಕ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನಡೆದದ್ದಕ್ಕೆಲ್ಲ ನನ್ನ ಗಂಡ ಇವತ್ತಿಗೂ ನನ್ನ ಕಡೆಗೇ ಬೆರಳು ತೋರಿಸುತ್ತಾರೆ.

ನಾನು ದೋಹಾದ ವೆಸ್ಟ್ ಬೇಯಲ್ಲಿ ಕಟ್ಟಡಗಳ ಒಂದು ಕನ್ಸಲ್ಟೆನ್ಸಿಯಲ್ಲಿದ್ದೇನೆ. ಯಾವ ಡ್ರಾಯಿಂಗ್ ಯಾರ ಕೈಗೆ ಹೋಯಿತು, ಯಾರ ಕೈಯಿಂದ ಇನ್ನೂ ಬಂದಿಲ್ಲ ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಪಕ್ಕದ ಮೇಜಿನಲ್ಲಿ ಚೀನಾದ ಒಬ್ಬಳು ಎಂಜಿನಿಯರ್ ಕೂರುತ್ತಾಳೆ. ಊಟದ ಹೊತ್ತಿನಲ್ಲಿ ಬಿಸಿನೀರು ಕುಡಿಯುತ್ತಾ ಫೋನಿನಲ್ಲಿ ತನ್ನ ದೇಶದ ಚದುರಂಗ ಆಡುತ್ತಾಳೆ. ಆ ಚದುರಂಗದ ಮಣೆಯ ನಡುವೆ ಒಂದು ಖಾಲಿ ಪಟ್ಟಿ ಇತ್ತು. ಅದೇನು ಎಂದು ಕೇಳಿದೆ. ಹೊಳೆ ಎಂದಳು. ಚದುರಂಗಕ್ಕೆ ಹೊಳೆ ಯಾಕೆ ಎಂದು ಕೇಳಿದ್ದೇ ತಪ್ಪಾಯಿತು. ಆ ವಾರದ ಊಟದ ವಿರಾಮವೆಲ್ಲ ಆ ಹೊಳೆಯಲ್ಲೇ ಕಳೆಯಿತು.

ಕಥೆ ಹೀಗೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿನ ಚಕ್ರವರ್ತಿಯ ಮನೆತನ ಕುಸಿಯುತ್ತಿದ್ದಾಗ, ಹೊಳೆಯಾಚೆಯ ಊರಿನ ಒಬ್ಬ ಯುವಕ ತನ್ನ ಊರ ಹುಡುಗರನ್ನೆಲ್ಲ ಕಟ್ಟಿಕೊಂಡು ಯುದ್ಧಕ್ಕೆ ಹೊರಟ. ಕಂಚಿನ ಕೊಪ್ಪರಿಗೆಯನ್ನು ಒಬ್ಬನೇ ಎತ್ತುವಷ್ಟು ಬಲ. ಒಂದು ಯುದ್ಧಕ್ಕೆ ಮುಂಚೆ ನೀರು ದಾಟಿದ ಮೇಲೆ ದೋಣಿಗಳನ್ನು ಮುಳುಗಿಸಿ, ಅಡುಗೆಯ ಪಾತ್ರೆಗಳನ್ನೂ ಒಡೆಸಿದನಂತೆ, ಹಿಂದೆ ಹೋಗುವ ಯೋಚನೆ ಯಾರಿಗೂ ಬರಬಾರದು ಎಂದು. ನನಗೆ ಸಿಟ್ಟು ಬಂದದ್ದು ಅಲ್ಲಿಯೇ. ಗೆದ್ದ ಮೇಲೂ ಅನ್ನ ಬೇಯಿಸಬೇಕಲ್ಲ? ಆದರೆ ಗೆದ್ದ. ಅರಮನೆ ಸುಟ್ಟ, ತನಗೆ ಬೇಕಾದವರಿಗೆ ರಾಜ್ಯಗಳನ್ನು ಹಂಚಿದ, ಎಲ್ಲರಿಗೂ ಮೇಲಿನವನಾದ. ರಾಜಧಾನಿಯಲ್ಲೇ ಕೂತು ಆಳು ಎಂದು ಯಾರೋ ಬುದ್ಧಿ ಹೇಳಿದಾಗ, ನಮ್ಮ ಊರಿನವರ ಕಣ್ಣಿಗೆ ಬೀಳದ ಸಿರಿ ಯಾತಕ್ಕೆ ಎಂದು ಹೊರಟೇಬಿಟ್ಟ. ಇಷ್ಟು ಭಾಗ ನನಗೆ ವಿವರಣೆ ಇಲ್ಲದೆ ಅರ್ಥವಾಯಿತು. ಮಂಗಳೂರಿನ ವಿಮಾನ ಹತ್ತಲು ಸೂಟ್‌ಕೇಸಿಗೆ ಹಗ್ಗ ಬಿಗಿದ ಯಾರಿಗಾದರೂ ಅರ್ಥವಾಗುತ್ತದೆ.

ಅವನಿಗೆ ಎದುರಾಳಿಯಾಗಿ, ಆ ಚದುರಂಗದ ಹೊಳೆಯ ಇನ್ನೊಂದು ಬದಿಗೆ ಬಂದವನು ಒಬ್ಬ ಸಣ್ಣ ಊರಿನ ಸಣ್ಣ ಅಧಿಕಾರಿ. ಕತ್ತಿ ಹಿಡಿಯುವುದರಲ್ಲಿ ಅಷ್ಟಕ್ಕಷ್ಟೆ, ಆದರೆ ಜನರನ್ನು ಉಳಿಸಿಕೊಳ್ಳುವುದು ಗೊತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಆ ಕಡೆ ಸೇರಿದರು. ಕೊನೆಗೆ ನಮ್ಮ ದಂಡನಾಯಕನ ಬಿಡಾರಕ್ಕೆ ಸುತ್ತಲೂ ಮುತ್ತಿಗೆ ಬಿತ್ತು. ಮುತ್ತಿದವರು ನಾಲ್ಕೂ ದಿಕ್ಕಿನಿಂದ ಅವನ ಊರಿನ ಹಾಡುಗಳನ್ನೇ ಹಾಡಿಸಿದರು. ಅದನ್ನು ಕೇಳಿ ಅವನು, ನನ್ನವರೆಲ್ಲ ಆ ಕಡೆಗೇ ಹೋದರು, ಇನ್ನು ಮುಗಿಯಿತು ಎಂದುಕೊಂಡ. ನಾವು ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿರುವವರು. ಶುಕ್ರವಾರ ಸಂಜೆ ಕಿಟಕಿ ತೆರೆದರೆ ಒಂದು ಮನೆಯಿಂದ ತುಳು, ಒಂದರಿಂದ ಕೊಂಕಣಿ, ಮೇಲಿನಿಂದ ಬ್ಯಾರಿ, ಎಲ್ಲ ನಮ್ಮ ಊರಿನದೇ. ನಾವು ಯಾರೂ ಯುದ್ಧ ಸೋತೆವೆಂದು ತಿಳಿಯಲಿಲ್ಲ. ಕಿಟಕಿ ಮುಚ್ಚಿ ಎಸಿ ಹಾಕುತ್ತೇವೆ.

ಮುತ್ತಿಗೆ ಒಡೆದು ಬೆರಳೆಣಿಕೆಯ ಜನರೊಂದಿಗೆ ಅವನು ಹೊಳೆಯ ದಡಕ್ಕೆ ಬಂದ. ಆಚೆ ದಡ ಅವನ ಊರು. ಅಲ್ಲಿ ಒಬ್ಬ ಅಂಬಿಗ ದೋಣಿ ಇಟ್ಟುಕೊಂಡು ಕಾಯುತ್ತಿದ್ದ. ಬನ್ನಿ, ಆಚೆ ಇನ್ನೂ ನೆಲ ಇದೆ, ಜನ ಇದ್ದಾರೆ ಎಂದ. ಇವನು ಒಪ್ಪಲಿಲ್ಲ. ಊರ ಹುಡುಗರನ್ನೆಲ್ಲ ಕರೆದುಕೊಂಡು ಹೋದವನು ನಾನು, ಅವರಲ್ಲಿ ಒಬ್ಬನೂ ಈಗ ನನ್ನ ಜತೆಗಿಲ್ಲ, ಅವರ ಹಿರಿಯರಿಗೆ ಯಾವ ಮುಖ ತೋರಿಸಲಿ ಎಂದ. ತನ್ನ ಕುದುರೆಯನ್ನು ಅಂಬಿಗನಿಗೆ ಕೊಟ್ಟು, ತಿರುಗಿ ನಿಂತು ಹೋರಾಡಿ ಅಲ್ಲೇ ಪ್ರಾಣ ಬಿಟ್ಟ.

ದೋಣಿ ಇತ್ತಲ್ಲ ಎಂದು ಕೇಳಿದೆ. ಇತ್ತು ಎಂದಳು. ಅದರಲ್ಲಿ ಜಾಗವೂ ಇತ್ತಲ್ಲ? ಇತ್ತು. ಮತ್ತೆ ಹತ್ತಲಿಕ್ಕೆ ಏನು ಕಷ್ಟ ಎಂದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು. ಅವರ ದೇಶದಲ್ಲಿ ಎಲ್ಲರಿಗೂ ಅವನೆಂದರೆ ಪ್ರೀತಿಯಂತೆ. ಗೆದ್ದವನ ಮೇಲೆ ಇಲ್ಲವೇ ಎಂದರೆ, ಅವನು ರಾಜ್ಯ ಆಳಿದ, ಅಷ್ಟೆ ಎಂದಳು.

ಇದನ್ನು ಊಟದ ಮೇಜಿನಲ್ಲಿ ಗಂಡನಿಗೆ ಹೇಳಿದೆ. ಹೇಳಲಿಕ್ಕೆ ಬೇರೆ ವಿಷಯ ಇರಲಿಲ್ಲ. ಇದ್ದ ಒಂದು ವಿಷಯದ ಬಗ್ಗೆ ನಾವಿಬ್ಬರೂ ಮಾತು ನಿಲ್ಲಿಸಿದ್ದೆವು.

ಆ ವಿಷಯ ಏನೆಂದರೆ, ಅವರಿಗೆ ಕೆಲಸ ಇರಲಿಲ್ಲ. ಉಡುಪಿಯ ಕಡೆಯಿಂದ ಡಿಪ್ಲೊಮಾ ಹಿಡಿದುಕೊಂಡು ಬಂದು, ಬಿಸಿಲಿನಲ್ಲಿ ನಿಂತು ಕಬ್ಬಿಣದ ಸರಳು ಲೆಕ್ಕ ಮಾಡುತ್ತಿದ್ದವರು ಕೊನೆಗೆ ಗಾಜಿನ ಕ್ಯಾಬಿನ್‌ಗೆ ಏರಿದ್ದರು. ಕಂಪೆನಿಯ ಕಾರು, ಕೈಕೆಳಗೆ ನಾಲ್ಕು ದೇಶಗಳ ಜನ. ಊರ ಚರ್ಚಿನ ಹಬ್ಬಕ್ಕೆ ಹೋದರೆ ಯಾರಾದರೂ ಎದ್ದು ಮುಂದಿನ ಸಾಲಿನಲ್ಲಿ ಜಾಗ ಕೊಡುತ್ತಿದ್ದರು. ಅವರು ಬೇಡ ಬೇಡ ಎನ್ನುತ್ತಾ ಅಲ್ಲಿಗೇ ಹೋಗಿ ಕೂರುತ್ತಿದ್ದರು. ನಮ್ಮ ವಾರ್ಡಿನ ಹಲವು ಹುಡುಗರಿಗೆ ಅದೇ ಕಂಪೆನಿಯಲ್ಲಿ ವೀಸಾ ಕೊಡಿಸಿದ್ದರು. ಆ ಹುಡುಗರ ತಾಯಂದಿರು ನಾವು ರಜೆಯಲ್ಲಿ ಹೋದಾಗ ಹಲಸಿನ ಹಪ್ಪಳ, ಉಪ್ಪಿನಕಾಯಿ ಕಟ್ಟಿ ತಂದು ಕೊಡುತ್ತಿದ್ದರು. ವಿಶ್ವಕಪ್ ಫುಟ್‌ಬಾಲ್ ಮುಗಿದ ಮೇಲೆ ಇಲ್ಲಿ ಕಟ್ಟಡ ಕಟ್ಟುವುದು ಕಡಿಮೆಯಾಯಿತು, ಕಂಪೆನಿ ಸೊರಗಿತು. ಮೊದಲು ಹೋದದ್ದು ಹುಡುಗರು. ಕೆಲವರಿಗೆ ಇಲ್ಲೇ ಬೇರೆ ಕಡೆ ಸಿಕ್ಕಿತು, ಹೆಚ್ಚಿನವರು ಊರಿಗೆ ಹೋದರು. ಆಮೇಲೆ ಗಾಜಿನ ಕ್ಯಾಬಿನ್‌ನವರನ್ನೂ ಕರೆದು ಖಲಾಸ್ ಎಂದರು. ಅವರ ವೀಸಾ ನನ್ನ ಮೇಲೆ ಬಂತು. ಕಾಗದದ ಪ್ರಕಾರ ಅವರು ಈಗ ನನ್ನ ಅವಲಂಬಿತರು.

ಅವರು ದುಃಖಪಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಬೆಳಿಗ್ಗೆ ಶರ್ಟ್ ಇಸ್ತ್ರಿ ಮಾಡಿ ಹಾಕಿಕೊಂಡು, ನನ್ನನ್ನು ಮೆಟ್ರೋ ಸ್ಟೇಷನ್ನಿಗೆ ಬಿಟ್ಟು, ಆಮೇಲೆ ಹಾಜಿಯವರ ಅಂಗಡಿಗೆ ಹೋಗಿ ಕೂರುತ್ತಿದ್ದರು.

ಹಾಜಿಯವರದು ಪೈಪು, ಪೇಂಟು, ಮೊಳೆಗಳ ಅಂಗಡಿ. ಮಂಗಳೂರಿನ ಹತ್ತಿರದ ಬ್ಯಾರಿ ಮುಸಲ್ಮಾನರು. ನಾವೆಲ್ಲ ಬರುವುದಕ್ಕೆ ಎಷ್ಟೋ ಮೊದಲು ದೋಹಾಕ್ಕೆ ಬಂದವರು. ನನ್ನ ಗಂಡನಿಗೂ ಅವರಿಗೂ ಗಂಟು ಹಾಕಿದ್ದು ತಾಳಮದ್ದಳೆ. ಗೊತ್ತಿಲ್ಲದವರಿಗೆ ಹೇಳುವುದಾದರೆ ಅದು ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಆಮೇಲೆ ಕುರ್ಚಿಯಲ್ಲಿ ಕೂತ ಅರ್ಥಧಾರಿಗಳು ತಾವೇ ಆ ಪಾತ್ರಗಳಾಗಿ, ಯಾರೂ ಬರೆದುಕೊಡದ ಮಾತಿನಲ್ಲಿ ವಾದಕ್ಕೆ ಇಳಿಯುತ್ತಾರೆ. ಎಷ್ಟು ಬೇಕಾದರೂ ವಾದಿಸಬಹುದು, ಆದರೆ ಕಥೆ ಮುಗಿಯಬೇಕಾದ ಕಡೆಯೇ ಮುಗಿಯಬೇಕು. ಸಾಯಬೇಕಾದವನು ವಾದದಲ್ಲಿ ಗೆದ್ದರೂ ಸಾಯಲೇಬೇಕು. ಇಂಗ್ಲಿಷ್ ಆಗಲಿ ಅರಬ್ಬಿಯಾಗಲಿ ಬಾಯಿಂದ ಬಂದರೆ ಮರ್ಯಾದೆ ಹೋದ ಹಾಗೆ. ವಾರವಿಡೀ ಹೊರಡಲಿಕ್ಕೆ ಯಲ್ಲಾ, ಇಲ್ಲ ಎನ್ನಲಿಕ್ಕೆ ಮಾಫಿ ಎನ್ನುತ್ತಾ ಬದುಕುವವರು ಶುಕ್ರವಾರ ಮಧ್ಯಾಹ್ನ ನಮ್ಮ ಬೀದಿಯ ಹೋಟೆಲಿನ ಮೇಲಿನ ಪಾರ್ಟಿ ಹಾಲಿನಲ್ಲಿ ಸೇರಿ, ಎಲೈ, ಕೇಳುವಂಥವನಾಗು ಎನ್ನುತ್ತಿದ್ದರು. ನಮ್ಮ ಭಾಗವತರು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವರು. ಹಾಡುವಾಗಲೂ ನಮ್ಮ ತೋಳುಗಳ ಕಡೆಗೇ ನೋಡುತ್ತಾರೆ ಎಂದು ನನಗೆ ಯಾವಾಗಲೂ ಅನಿಸುತ್ತದೆ.

ದಂಡನಾಯಕನ ಕಥೆ ಕೇಳಿದಾಗ ನನ್ನ ಗಂಡನ ಕೈ ತಟ್ಟೆಯಲ್ಲೇ ನಿಂತಿತು. ಎಂಥ ಮನುಷ್ಯ ಎಂದರು. ಎಂಥ ಮೂರ್ಖ ಎಂದು ನಾನು. ಅವರಿಗೆ ಅದು ಕೇಳಿಸಲಿಲ್ಲ. ಮರುದಿನದಿಂದ ಮೊಳೆಗಳ ಡಬ್ಬಿಗಳ ನಡುವೆ ಕೂತು ಅವರು ಪದ್ಯ ಬರೆಯಲು ಶುರುಮಾಡಿದರು. ಸಂಜೆ ನನ್ನ ಮುಂದೆ ಓದುತ್ತಿದ್ದರು. ದೋಣಿ ಮುಳುಗಿಸಿದ್ದಕ್ಕೆ ಒಂದು ಪದ್ಯ, ಅರಮನೆ ಸುಟ್ಟದ್ದಕ್ಕೆ ಒಂದು, ಹಾಡುಗಳ ಮುತ್ತಿಗೆಗೆ ಉದ್ದದ್ದು. ಸಾವಿನ ಪದ್ಯ ನಿಜವಾಗಿಯೂ ಚೆನ್ನಾಗಿತ್ತು. ಅದೇ ನನಗೆ ಹೆದರಿಕೆ. ಇಷ್ಟು ಚೆನ್ನಾಗಿ ಅವರು ಗಾಜಿನ ಕ್ಯಾಬಿನ್‌ನಲ್ಲಿದ್ದಾಗ ಏನನ್ನೂ ಬರೆದಿರಲಿಲ್ಲ.

ಹೀಗಿರುವಾಗ ಊರಿನಿಂದ ನಾದಿನಿಯ ಮದುವೆಯ ದಿನ ಗೊತ್ತಾಯಿತು. ನನ್ನ ಗಂಡನ ಒಬ್ಬಳೇ ತಂಗಿ. ತಂದೆ ಇಲ್ಲದ ಮೇಲೆ ಅವಳಿಗೆ ಇವರೇ ತಂದೆಯ ಜಾಗದಲ್ಲಿ. ನಮ್ಮಲ್ಲಿ ಮದುವೆಯ ಹಿಂದಿನ ದಿನ ರೋಸ್ ಎಂದು ಮಾಡುತ್ತಾರೆ. ಮದುಮಗಳನ್ನು ಚಪ್ಪರದಲ್ಲಿ ಕೂರಿಸಿ, ಮನೆಯ ಹಿರಿಯರು ತಲೆಗೆ ಎಣ್ಣೆ, ಮೈಗೆ ತೆಂಗಿನ ಹಾಲು ಹಚ್ಚಿ ಶುರುಮಾಡಬೇಕು. ಆ ಕೈ ಇವರದಾಗಬೇಕಿತ್ತು. ಅವಳು ಫೋನ್ ಮಾಡಿ, ಅಣ್ಣ ಯಾವಾಗ ಬರುತ್ತೀ ಎಂದು ಕೇಳಿದಾಗ ಇವರು, ರಜೆ ಸಿಗುವುದು ಕಷ್ಟ ಎಂದರು.

ಕೆಲಸವೇ ಇಲ್ಲದ ಮನುಷ್ಯ ರಜೆ ಸಿಗುವುದಿಲ್ಲ ಎಂದದ್ದು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಮತ್ತೆ ಮತ್ತೆ ಫೋನ್ ಮಾಡಿದಳು, ಇವರು ಮತ್ತೆ ಮತ್ತೆ ಅದನ್ನೇ ಹೇಳಿದರು. ನಾನು ಟಿಕೆಟ್ ತೆಗೆಯುತ್ತೇನೆ ಎಂದರೆ, ನೀನು ಹೋಗು ಎಂದರು. ಯಾಕೆ ಎಂದು ಜಗಳ ತೆಗೆದ ದಿನ ಕೊನೆಗೆ ಬಾಯಿಬಿಟ್ಟರು.

"ಆ ಹುಡುಗರ ಅಮ್ಮಂದಿರು ಚಪ್ಪರಕ್ಕೆ ಬರ್ತಾರೆ. ಯಾವಾಗ ಬಂದದ್ದು, ಯಾವಾಗ ವಾಪಸ್ ಅಂತ ಕೇಳ್ತಾರೆ. ನಾನು ಎಂತ ಹೇಳುದು?"

ನಮ್ಮ ಕರಾವಳಿಯಲ್ಲಿ ಗಲ್ಫಿನಿಂದ ಬಂದವರನ್ನು ಯಾರೂ ಹೇಗಿದ್ದೀರಿ ಎಂದು ಕೇಳುವುದಿಲ್ಲ. ಯಾವಾಗ ಬಂದದ್ದು, ರಜೆ ಎಷ್ಟು ದಿನ, ಯಾವಾಗ ವಾಪಸ್. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ. ಉತ್ತರ ಇಲ್ಲದವನಿಗೆ ಅದಕ್ಕಿಂತ ದೊಡ್ಡ ಪೊಲೀಸ್ ವಿಚಾರಣೆ ಇಲ್ಲ. ನನಗೆ ಅವರ ಕಷ್ಟ ಗೊತ್ತಾಯಿತು. ಗೊತ್ತಾದರೂ ಸಿಟ್ಟು ಇಳಿಯಲಿಲ್ಲ. ತಂಗಿಯ ತಲೆಗೆ ಎಣ್ಣೆ ಹಚ್ಚಲು ಹೋಗದವನು ಚೀನಾದ ಹೊಳೆಯ ದಡದಲ್ಲಿ ಎಷ್ಟು ಗಂಭೀರವಾಗಿ ಸತ್ತರೆ ನನಗೇನು?

ದಂಡನಾಯಕನ ಪ್ರಸಂಗ ಮಾಡುವುದೆಂದು ನಮ್ಮ ತಾಳಮದ್ದಳೆಯ ಕೂಟದಲ್ಲಿ ತೀರ್ಮಾನವಾಯಿತು. ಅದೇ ಪುರಾಣದ ಕಾಳಗಗಳನ್ನು ಕೇಳಿ ಕೇಳಿ ಸಾಕಾಗಿದೆ ಎಂದು ಹೇಳುವವರು ಮೊದಲೇ ಇದ್ದರು. ಚೀನಾ ಎಂದೊಡನೆ, ಅಷ್ಟು ದೂರ ಬೇಕಾಗಿರಲಿಲ್ಲ ಎಂದರು. ದಂಡನಾಯಕ ನನ್ನ ಗಂಡನೇ. ಎದುರಾಳಿಯ ಪಾತ್ರ ಬ್ಯಾಂಕಿನ ಒಬ್ಬರಿಗೆ. ಅಂಬಿಗನದು ಹೊಸಬರಿಗೆ ಕೊಡುವಂಥ ಚಿಕ್ಕ ಪಾತ್ರ. ಒಂದು ಪದ್ಯ, ನಾಲ್ಕು ಮಾತು, ಕುದುರೆ ತೆಗೆದುಕೊಂಡು ಎದ್ದುಹೋಗುವುದು. ಅದನ್ನು ಹಾಜಿಯವರು ತನಗೆ ಬೇಕೆಂದು ಕೇಳಿ ಪಡೆದರು. ಅವರು ಯಾವಾಗಲೂ ದೊಡ್ಡ ಪಾತ್ರ ಮಾಡುವವರು. ಎಲ್ಲರಿಗೂ ಆಶ್ಚರ್ಯವಾಯಿತು. ಹಾಜಿಯವರು, ನನ್ನ ತಂದೆ ನೇತ್ರಾವತಿಯಲ್ಲಿ ದೋಣಿ ನಡೆಸುತ್ತಿದ್ದವರು, ಒಮ್ಮೆ ಅವರ ಜಾಗದಲ್ಲಿ ಕೂರಬೇಕು ಎಂದರು. ಅದಕ್ಕೆ ಯಾರು ಏನು ಹೇಳುವುದು? ಸಂಜೆಯ ಮಗ್ರಿಬ್ ನಮಾಜಿಗೆ ಮುಂಚೆ ನನ್ನ ಭಾಗ ಮುಗಿಯಬೇಕು ಎಂಬುದೊಂದೇ ಅವರ ಷರತ್ತು.

ಆ ಶುಕ್ರವಾರ ಹಾಲು ತುಂಬಿತ್ತು. ನನ್ನ ಗಂಡನಿಗೆ ಕೆಲಸ ಹೋದದ್ದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದೆ ಎಂಬುದು ಅವರೊಬ್ಬರಿಗೆ ಗೊತ್ತಿರಲಿಲ್ಲ. ಚೀನಾದ ಗೆಳತಿಯನ್ನು ಕರೆದಿದ್ದೆ. ಅವಳಿಗೆ ಮೊದಲ ಸಾಲು ಕೊಟ್ಟರು, ಕೈಗೆ ಚಾಯ್ ಕೊಟ್ಟರು, ಇವರ ಊರಿನದೇ ಕಥೆ ಎಂದು ಒಬ್ಬರಿಗೊಬ್ಬರು ಪರಿಚಯ ಮಾಡಿಸಿದರು. ಅವಳು ಎಲ್ಲರಿಗೂ ತಲೆಬಾಗಿ, ಬಿಸಿನೀರು ಸಿಗಬಹುದೇ ಎಂದು ನನ್ನನ್ನು ಮೆಲ್ಲಗೆ ಕೇಳಿದಳು.

ನನ್ನ ಗಂಡ ಅಂದು ಚೆನ್ನಾಗಿ ಮಾತಾಡಿದರು, ಸಿಟ್ಟಿದ್ದರೂ ಇದನ್ನು ಹೇಳಲೇಬೇಕು. ಪಾತ್ರೆ ಒಡೆಸುವಾಗ ಜನ ಚಪ್ಪಾಳೆ ತಟ್ಟಿದರು. ಅರಮನೆ ಸುಡುವಾಗ ಒಂದು ಸಲ ಅರಬ್ಬಿಯ ಖಲಾಸ್ ಎಂದುಬಿಟ್ಟರು, ಹಾಲಿನಲ್ಲಿ ನಗು ಎದ್ದಿತು, ಅವರು ನಗಲಿಲ್ಲ. ಮುತ್ತಿಗೆಯ ಪದ್ಯವನ್ನು ಭಾಗವತರು ಹಾಡುವಾಗ ಯಾರೂ ಫೋನ್ ನೋಡಲಿಲ್ಲ. ಬ್ಯಾಂಕಿನವರು ಗೆದ್ದು ಪಕ್ಕದ ಕುರ್ಚಿಗೆ ಸರಿದು ಸಮೋಸ ತಿನ್ನತೊಡಗಿದರು. ಹಾಜಿಯವರು ಬಿಳಿ ಶರ್ಟು, ಬಿಳಿ ಟೊಪ್ಪಿಯಲ್ಲಿ ಬಂದು ಎದುರು ಕೂತರು.

"ಒಡೆಯಾ, ನೀವು ಊರ ಹುಡುಗರನ್ನು ಕರೆದುಕೊಂಡು ಹೊರಟ ದಿನ ಹೊಳೆ ದಾಟಿಸಿದವನು ನಾನೇ," ಎಂದು ಶುರುಮಾಡಿದರು. "ಇವತ್ತಿಗೂ ಅವರ ತಾಯಂದಿರು ದೋಣಿ ಕಟ್ಟುವ ಕಡವಿಗೆ ಬರುತ್ತಾರೆ. ನಮ್ಮವ ಎಲ್ಲಿ ಎಂದು ನನ್ನನ್ನು ಕೇಳುತ್ತಾರೆ. ನಾನು ಅಂಬಿಗ, ನನಗೆ ಗೊತ್ತಿಲ್ಲ. ನಿಮಗೆ ಗೊತ್ತು. ಹತ್ತಿ."

ನನ್ನ ಗಂಡ ಇದಕ್ಕಾಗಿಯೇ ಕಾದಿದ್ದವರು. ಎದೆ ಮುಂದೆ ಮಾಡಿ, ಗೆದ್ದು ಬರುತ್ತೇನೆಂದು ಹೊರಟವನ ಮಾತಿನ ಬೆಲೆ ಏನು, ಕೀರ್ತಿ ಏನು, ಸೋತು ಹಿಂದಿರುಗಿದವನಿಗೆ ಹೆಬ್ಬಾಗಿಲು ಎಷ್ಟು ತಗ್ಗಾಗಿ ಕಾಣುತ್ತದೆ ಎಂದು ಹೇಳುತ್ತಾ ಹೋದರು. ಚೆನ್ನಾಗಿತ್ತು. ಆ ಅಮ್ಮಂದಿರ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂದು ನಿಲ್ಲಿಸಿದಾಗ ಹಾಲಿಡೀ ಚಪ್ಪಾಳೆ. ಕ್ರಮದ ಪ್ರಕಾರ ಅಂಬಿಗ ಇಲ್ಲಿ ಕೈಮುಗಿದು ಕುದುರೆ ತೆಗೆದುಕೊಳ್ಳಬೇಕು. ಹಾಜಿಯವರು ಚಪ್ಪಾಳೆ ನಿಲ್ಲಲಿ ಎಂದು ಟೊಪ್ಪಿ ಸರಿಮಾಡಿಕೊಂಡರು.

"ಇರುವ ಮುಖವನ್ನೇ ಹೊತ್ತು ನಿಲ್ಲಿ. ಅವರು ಬೇರೆ ಮುಖ ಕೇಳಲಿಲ್ಲ," ಎಂದರು. "ನೀವು ಇಲ್ಲಿ ಸತ್ತರೆ ನಿಮ್ಮ ಮರ್ಯಾದೆ ಉಳಿಯಿತು, ಸರಿ. ಖಾಲಿ ದೋಣಿ ಆಚೆಗೆ ಕೊಂಡುಹೋಗಿ ಆ ತಾಯಂದಿರ ಬೈಗುಳ ತಿನ್ನುವವನು ನಾನು. ನಿಮ್ಮ ಮರ್ಯಾದೆಗೆ ನಾನು ಯಾಕೆ ಬೈಸಿಕೊಳ್ಳಬೇಕು?"

ಜನ ನಕ್ಕರು. ನನ್ನ ಗಂಡನೂ ಅರಸನ ಗತ್ತಿನಲ್ಲೇ ಸ್ವಲ್ಪ ನಕ್ಕು, ಬಾಯಿ ತೆರೆದರು. ಹಾಜಿಯವರು ಬಿಡಲಿಲ್ಲ.

"ಆಚೆ ದಡದಲ್ಲಿ ನಿಮ್ಮ ತಂಗಿ ಇದ್ದಾಳೆ. ಚಪ್ಪರ ಹಾಕಿಸಿ, ತೆಂಗಿನ ಹಾಲು ಹಿಂಡಿಟ್ಟು, ಎಣ್ಣೆ ಹಚ್ಚಲು ಅಣ್ಣ ಬರುತ್ತಾನೆಂದು ಕಾಯುತ್ತಿದ್ದಾಳೆ."

ಚೀನಾದಲ್ಲಿ ರೋಸ್ ಇಲ್ಲ ಎಂದು ಯಾರೂ ಎದ್ದು ಹೇಳಲಿಲ್ಲ. ಮದ್ದಳೆಯವರ ಕೈ ನಿಂತಿತು. ಹಾಜಿಯವರು ಮುಂದೆ ಬಾಗಿ, ಅಂಬಿಗನ ಕನ್ನಡವನ್ನು ಬಿಟ್ಟು ಅಂಗಡಿಯ ಕನ್ನಡದಲ್ಲಿ ಹೇಳಿದರು.

"ರಜೆ ಸಿಗುದಿಲ್ಲ ಅಂತ ಹೇಳಿದ್ರಂತಲ್ಲ ಮಾರಾಯ್ರೆ. ಯಾರು ಕೊಡ್ಬೇಕಿತ್ತು ರಜೆ?"

ಇದನ್ನು ಹಾಜಿಯವರಿಗೆ ನಾನು ಹೇಳಿದೆನೆಂದು ನನ್ನ ಗಂಡ ಬಹಳ ದಿನ ನಂಬಿದ್ದರು. ನಾನು ಹೇಳಿರಲಿಲ್ಲ. ನನ್ನ ಗಂಡ ತಂಗಿಯ ಆಮೇಲಿನ ಫೋನುಗಳನ್ನು ಎತ್ತುತ್ತಿದ್ದದ್ದು ಅಂಗಡಿಯಲ್ಲಿ, ಮಾತಾಡುತ್ತಿದ್ದದ್ದು ಕೊಂಕಣಿಯಲ್ಲಿ, ಹಾಜಿಯವರ ಎದುರಲ್ಲೇ. ಬ್ಯಾರಿಯವರಿಗೆ ಕೊಂಕಣಿ ಎಲ್ಲಿಂದ ಎಂಬ ಧೈರ್ಯ. ಊರಿನಲ್ಲಿ ಹಾಜಿಯವರ ಮನೆಯ ಬೇಲಿಗೆ ತಾಗಿದ್ದು ನಮ್ಮ ಕೊಂಕಣಿಯವರೊಬ್ಬರ ಮನೆಯಾಗಿತ್ತು, ಅವರು ಕೊಂಕಣಿಯಲ್ಲೇ ಆಡಿ ಬೆಳೆದವರು. ನಮ್ಮ ಊರಿನಲ್ಲಿ ಹುಟ್ಟಿದವರಿಗೆ ಇಷ್ಟು ಹೊಳೆಯಬೇಕಿತ್ತು. ದೋಹಾದಲ್ಲಿ ತುಂಬಾ ವರ್ಷ ಇದ್ದರೆ ಇಂಥದ್ದೆಲ್ಲ ಮರೆತುಹೋಗುತ್ತದೆ.

ತಾಳಮದ್ದಳೆಯಲ್ಲಿ ಅರ್ಥಧಾರಿ ಸುಮ್ಮನಾದರೆ ಸೋತ ಲೆಕ್ಕ. ನನ್ನ ಗಂಡ ಸುಮ್ಮನಾದರು. ಮೊದಲು ಕಣ್ಣು ಹಾಜಿಯವರ ಮೇಲಿತ್ತು, ಆಮೇಲೆ ನನ್ನ ಮೇಲೆ ಬಂತು, ಆಮೇಲೆ ಸಭೆಯ ಒಂದೊಂದು ಮುಖದ ಮೇಲೆ ಹೋಯಿತು. ಎಲ್ಲರಿಗೂ ಗೊತ್ತಿದೆ ಎಂದು ಅವರಿಗೆ ಗೊತ್ತಾದದ್ದು ಆಗ. ನನಗೆ ಹಾಜಿಯವರ ಮೇಲೆ ಕೆಟ್ಟ ಸಿಟ್ಟು ಬಂತು. ಎದ್ದು ಹೋಗಿ ಗಂಡನನ್ನು ಕರೆದುಕೊಂಡು ಮನೆಗೆ ಹೋಗಬೇಕೆನಿಸಿತು. ಭಾಗವತರಿಗೆ ಗಾಬರಿಯಾಗಿರಬೇಕು. ಹೇಗಾದರೂ ಮುಗಿಸೋಣವೆಂದು ತಾಳ ಎತ್ತಿ, ಆ ಚೆಂದದ ಸಾವಿನ ಪದ್ಯಕ್ಕೆ ಶ್ರುತಿ ಹಿಡಿದರು.

ನನ್ನ ಗಂಡ ಕೈ ಎತ್ತಿ ತಡೆದರು. ಭಾಗವತರನ್ನು ಹಾಗೆ ಯಾರೂ ತಡೆಯುವುದಿಲ್ಲ.

"ಅಂಬಿಗಾ," ಎಂದರು. ಕುರ್ಚಿಯಲ್ಲಿ ಮುಂದಕ್ಕೆ ಸರಿದು ಮತ್ತೊಮ್ಮೆ, "ಅಂಬಿಗಾ, ದೋಣಿಗೆ ನೀರು ನುಗ್ಗುವುದಿಲ್ಲವಷ್ಟೆ?"

"ಸ್ವಲ್ಪ ನುಗ್ಗುತ್ತದೆ," ಎಂದರು ಹಾಜಿ. "ತೋಡಿ ಹಾಕಿದರಾಯಿತು."

"ಹಾಗಾದರೆ ನಡೆ."

ಅಷ್ಟರಲ್ಲಿ ಹೊರಗೆ ಮಗ್ರಿಬ್‌ನ ಬಾಂಗ್ ಆಯಿತು. ಹಾಜಿಯವರು ಯಲ್ಲಾ ಎಂದು ಎದ್ದು, ಅರಸನನ್ನು ಹೊಳೆಯ ನಡುವೆ ಬಿಟ್ಟು ನಮಾಜಿಗೆ ಹೋದರು. ನಾನು ಅತ್ತೆ. ಅಷ್ಟು ಜನರ ಮುಂದೆ ಅಳುವವಳಲ್ಲ ನಾನು, ಆದರೆ ಅತ್ತೆ. ಅರಸ ಒಬ್ಬರೇ ಕುರ್ಚಿಯಲ್ಲಿ ಕೂತಿದ್ದರು. ಭಾಗವತರು ಬೇರೆ ದಾರಿ ಕಾಣದೆ ಮಂಗಳ ಹಾಡಿದರು.

ಆಮೇಲೆ ದೊಡ್ಡ ಚರ್ಚೆಯಾಯಿತು. ಇತಿಹಾಸವನ್ನು ಹೀಗೆ ತಿರುಚಬಹುದೇ ಎಂದು ಒಬ್ಬರು. ಇತಿಹಾಸ ಚೀನಾದವರದು, ಅವರೇ ಸುಮ್ಮನಿದ್ದಾರೆ ಎಂದು ಇನ್ನೊಬ್ಬರು. ಬ್ಯಾಂಕಿನವರು ತಾನು ಗೆದ್ದದ್ದಕ್ಕೆ ಏನು ಅರ್ಥ ಉಳಿಯಿತು ಎಂದು ಕೇಳಿದರು. ಹಾಡದೆ ಉಳಿದ ಪದ್ಯಕ್ಕಾಗಿ ಭಾಗವತರು ತಿಂಗಳುಗಟ್ಟಲೆ ನಮ್ಮ ಜತೆ ಸರಿಯಾಗಿ ಮಾತಾಡಲಿಲ್ಲ. ಚೀನಾದ ಗೆಳತಿಗೆ ಒಂದು ಮಾತೂ ಅರ್ಥವಾಗಿರಲಿಲ್ಲ. ಮೆಟ್ಟಿಲು ಇಳಿಯುವಾಗ, ಚೆನ್ನಾಗಿ ಸತ್ತನೇ ಎಂದು ಕೇಳಿದಳು. ಸಾಯಲಿಲ್ಲ, ದೋಣಿ ಹತ್ತಿದ ಎಂದೆ. ಅವಳು ಮೆಟ್ಟಿಲಲ್ಲೇ ನಿಂತಳು. "ಆಮೇಲೆ ಏನು ಮಾಡಿದ?" ಎಂದಳು. ಅವರ ದೇಶದಲ್ಲಿ ಇಷ್ಟು ಕಾಲದಿಂದ ಯಾರಿಗೂ ಈ ಪ್ರಶ್ನೆ ಕೇಳುವ ಅಗತ್ಯ ಬಿದ್ದಿರಲಿಲ್ಲವಂತೆ.

ಮರುದಿನ ಬೆಳಿಗ್ಗೆ ನಾನು ಏಳುವಾಗ ಗಂಡ ಅಟ್ಟದಿಂದ ಸೂಟ್‌ಕೇಸ್ ಇಳಿಸಿದ್ದರು.

ರೋಸಿನ ದಿನ ಚಪ್ಪರಕ್ಕೆ ಎಲ್ಲರೂ ಬಂದರು. ನನ್ನ ಗಂಡ ತಂಗಿಯ ತಲೆಗೆ ಎಣ್ಣೆ ಹಚ್ಚಿದರು. ಹೆಚ್ಚು ಸುರಿದು ಎಣ್ಣೆ ಅವಳ ಕಣ್ಣಿಗೆ ಇಳಿಯಿತು, ಅವಳು ಅತ್ತದ್ದು ಎಣ್ಣೆಗೋ ಅಣ್ಣನಿಗೋ ಎಂದು ಯಾರೂ ಕೇಳಲಿಲ್ಲ. ತೆಂಗಿನ ಹಾಲು ಹಚ್ಚಿ ಕೈ ತೊಳೆಯಲು ಹೋದಾಗ ಅವರು ಹೆದರಿದ್ದು ಎದುರಿಗೇ ಬಂತು. ಅವರೇ ವೀಸಾ ಕೊಡಿಸಿ, ಕಂಪೆನಿ ಮೊದಲ ಸಲಕ್ಕೇ ಕಳಿಸಿಬಿಟ್ಟ ಹುಡುಗನೊಬ್ಬನ ತಾಯಿ. ಹಪ್ಪಳ ಕಟ್ಟಿಕೊಡುತ್ತಿದ್ದ ಹೆಂಗಸು. ನಾನು ಬಾವಿಕಟ್ಟೆಯ ಹತ್ತಿರ ಲೋಟ ಹಿಡಿದು ನಿಂತಲ್ಲೇ ನಿಂತೆ.

ಯಾವಾಗ ಬಂದದ್ದು ಎಂದು ಆ ತಾಯಿ ಕೇಳಿದರು. ನಿನ್ನೆ ಎಂದರು ಇವರು. ರಜೆ ಎಷ್ಟು ದಿನ ಎಂದು ಕೇಳಿದರು.

"ರಜೆ ಇಲ್ಲ ಬಾಯಮ್ಮ," ಎಂದರು ನನ್ನ ಗಂಡ. "ಕೆಲಸ ಹೋಯ್ತು."

ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡು ಇವರನ್ನು ಮೇಲಿಂದ ಕೆಳಗೆ ನೋಡಿದರು.

"ನನ್ನ ಮಗನನ್ನು ಕಳಿಸಿದವರು ನಿನ್ನನ್ನೂ ಕಳಿಸಿದ್ರಾ? ಒಳ್ಳೇದಾಯ್ತು." ಅದರಲ್ಲಿ ಕೊಂಕು ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ತಲೆಯೆತ್ತಿ ಚಪ್ಪರವನ್ನೊಮ್ಮೆ ನೋಡಿದರು. ಅವರ ಮಗ ಊರಿಗೆ ಬಂದ ಮೇಲೆ ಚಪ್ಪರ, ಕುರ್ಚಿ ಬಾಡಿಗೆಗೆ ಕೊಡುವ ಕೆಲಸ ಹಿಡಿದಿದ್ದ, ಅದನ್ನು ಕಟ್ಟಿದವನೂ ಅವನೇ. "ಹಾಗಾದ್ರೆ ಸೋಮವಾರ ಇರ್ತಿಯಲ್ಲ. ಇದನ್ನು ಬಿಚ್ಚಲಿಕ್ಕೆ ಅವನಿಗೆ ಜನ ಸಾಲುದಿಲ್ಲ. ಬೆಳಿಗ್ಗೆ ಬೇಗ ಏಳು."

ಏಳ್ತೇನೆ ಎಂದರು ನನ್ನ ಗಂಡ. ಆ ತಾಯಿ ಊಟದ ಕಡೆಗೆ ಹೋದರು.

ನನಗೆ ರಜೆ ಇದ್ದದ್ದು ಸ್ವಲ್ಪವೇ, ನಾನು ಒಬ್ಬಳೇ ದೋಹಾಕ್ಕೆ ಮರಳಿದೆ. ಕಚೇರಿಯಲ್ಲಿ ಚೀನಾದ ಗೆಳತಿ ನನ್ನನ್ನು ಕಂಡೊಡನೆ ಫೋನು ಕೆಳಗಿಟ್ಟಳು. ಅವಳು ಅದನ್ನು ಮರೆತಿರಲಿಲ್ಲ, ಅವಳ ತಾಯಿಯ ಹತ್ತಿರವೂ ಚರ್ಚಿಸಿದ್ದಳಂತೆ. ದೋಣಿ ಹತ್ತಿ ಆಚೆ ದಡ ಮುಟ್ಟಿದ ಮೇಲೆ ಅವನು ಏನು ಮಾಡಿದ ಎಂದು ಮತ್ತೆ ಕೇಳಿದಳು.

ಚಪ್ಪರ ಬಿಚ್ಚಿದ ಎಂದೆ.